ಬಸ್ಸಕ್ಕ ಹೇಳಿದ ಮೂರು ಮಾತು

ಕಳೆದ ತಿಂಗಳು ಬೈಕಂಪಾಡಿಯಲ್ಲಿ, ನಾನು ಕೆಲಸ ಮಾಡುವ ಗೋದಾಮಿನ ಪಕ್ಕದ ಗುಜರಿ ಅಂಗಡಿಯ ಮಾಡಿನ ಕೆಳಗೆ, ಮಳೆ ಬಿಡಲೆಂದು ನಿಂತಿದ್ದೆ. ಹಳೆಯ ಕೀಬೋರ್ಡು, ಒಡೆದ ಮಾನಿಟರು, ವಯರುಗಳ ಗಂಟು ಎಲ್ಲ ಒಂದೇ ರಾಶಿಯಾಗಿ ಬಿದ್ದಿದ್ದವು. ಅದರ ನಡುವೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಪೆಡಲ್ ಕಾಣಿಸಿತು. ಅಂಗೈಯಗಲದ್ದು, ಮೂರು ಪಟ್ಟಿಯದು. ಬಗ್ಗಿ ನೋಡುವ ಮೊದಲೇ ನನ್ನ ಬಲಗಾಲು ಚಪ್ಪಲಿ ಸಮೇತ ಹೋಗಿ ಅದರ ಮೇಲೆ ಕೂತಿತ್ತು. ನಡುವಿನ ಪಟ್ಟಿ ಒತ್ತಿದರೆ ದನಿ ಓಡುತ್ತದೆ, ಬಲದ್ದು ಒತ್ತಿದರೆ ಮುಂದಕ್ಕೆ ಹೋಗುತ್ತದೆ, ಎಡದ್ದು ಒತ್ತಿದರೆ ಹಿಂದಕ್ಕೆ. ಅದನ್ನು ಮುಟ್ಟದೆ ನಾಲ್ಕು ವರ್ಷ ಆಗಿತ್ತು. ಕಾಲು ಎಡದ್ದನ್ನೇ ಒತ್ತಿತು.

"ಅಕ್ಕಾ, ಅದು ಎಂತದು? ನಮಗೆ ಯಾರಿಗೂ ಗೊತ್ತಾಗ್ಲಿಲ್ಲ," ಎಂದು ಗುಜರಿಯವರು ಕೇಳಿದರು.

"ಅಮೆರಿಕದವರು ಮಾತಾಡಿದ್ದನ್ನು ಇಲ್ಲಿ ಕೂತು ಕೇಳುವ ಸಾಮಾನು," ಎಂದೆ.

ತಮಾಷೆ ಮಾಡಿದೆ ಅಂದುಕೊಂಡು ಅವರು ನಕ್ಕರು. ನಾನು ನಗಲಿಲ್ಲ. ಆ ಪೆಡಲನ್ನು ಕೇಳಿ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಅದು ನನಗೆ ಯಾವ ಉಪಯೋಗಕ್ಕೂ ಬಾರದ ವಸ್ತು ಎಂದು ನನಗೆ ಗೊತ್ತಿತ್ತು.

ಕದ್ರಿಯ ಪಾರ್ಕಿನ ಹಿಂದಿನ ಏರು ರಸ್ತೆಯಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಆರು ವರ್ಷ ದುಡಿದೆ. ಆರರಲ್ಲಿ ನೆನಪಿಗೆ ಬರುವುದು ಒಂದೇ ಮಳೆಗಾಲ, ಕೊನೆಯದು. ಕೆಲಸ ಇಷ್ಟೇ: ಅಮೆರಿಕದ ಒಂದು ಆಸ್ಪತ್ರೆಯ ಡಾಕ್ಟರರು ರೋಗಿಯನ್ನು ನೋಡಿದ ಮೇಲೆ ಕೈಯಲ್ಲಿ ಬರೆಯುವುದಿಲ್ಲ, ಫೋನಿಗೆ ಹೇಳಿಬಿಡುತ್ತಾರೆ. ಅವರು ಹಗಲಿಡೀ ಹೇಳಿದ್ದು ನಮ್ಮ ಬೆಳಗಿಗೆ ಬಂದು ಬೀಳುತ್ತಿತ್ತು. ಆರರಿಂದ ಎರಡರವರೆಗಿನ ಪಾಳಿಯಲ್ಲಿ ನಾವು ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತುತ್ತ, ಕೇಳಿದ್ದನ್ನು ಟೈಪ್ ಮಾಡಿ ಕಳಿಸುತ್ತಿದ್ದೆವು. ನಾವು ಕಳಿಸಿದ್ದೇ ಆ ರೋಗಿಯ ಕಡತ. ಆ ವರ್ಷ ಹೊಸ ಸಾಫ್ಟ್‌ವೇರ್ ಬಂದಿತ್ತು. ಕರಡನ್ನು ಅದೇ ಬರೆದು ಕೊಡುತ್ತಿತ್ತು, ನಾವು ಕೇಳಿ ತಿದ್ದಿದರೆ ಸಾಕು. ಹಾಗಾಗಿ ಅರ್ಧದಷ್ಟು ಕುರ್ಚಿಗಳು ಖಾಲಿಯಾಗಿದ್ದವು. ಉಳಿದವರು ನಮ್ಮ ಸರದಿ ಯಾವಾಗ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆವು.

ನನ್ನ ಪಕ್ಕದ ಕುರ್ಚಿ ನಸೀಮಾಳದ್ದು. ಫಳ್ನೀರಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ. ಅವಳ ಅಜ್ಜನ ಕಾಲದಿಂದ ಬಟ್ಟೆ ವ್ಯಾಪಾರ, ಗಂಡ ಶಾರ್ಜಾದಲ್ಲಿ. ನಾವಿಬ್ಬರೂ ತುಳುವಿಗೆ ಕನ್ನಡ ಬೆರೆಸಿ ಮಾತಾಡುತ್ತಿದ್ದೆವು. ಅವಳಿಗೆ ಸಿಟ್ಟು ಬಂದಾಗ ಮಾತ್ರ ಬ್ಯಾರಿ ಭಾಷೆ ಹೊರಗೆ ಬರುತ್ತಿತ್ತು. ಮಳೆಯಲ್ಲಿ ಒದ್ದೆಯಾದ ಸಾಕ್ಸನ್ನು ಕಂಪ್ಯೂಟರಿನ ಹಿಂದೆ, ಬಿಸಿ ಗಾಳಿ ಬರುವ ಜಾಗದಲ್ಲಿ ಒಣಹಾಕುವುದನ್ನು ನನಗೆ ಕಲಿಸಿದವಳು ಅವಳೇ. ಟೀಮ್ ಲೀಡರ್ ವಾಲ್ಟರ್ ಸರ್ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು.

ನಾನು ವಿಮಾನ ಹತ್ತಿದವಳಲ್ಲ. ಆದರೂ ಆ ಊರು ನನಗೆ ಗೊತ್ತಿತ್ತು. ನದಿಯ ಬದಿಯ ಊರು, ಒಂದು ಕಾಲದಲ್ಲಿ ಕಾರ್ಖಾನೆಗಳಿದ್ದ ಊರು. ಪ್ರತಿಯೊಂದು ವರದಿಯಲ್ಲೂ ರೋಗಿಯ ಬದುಕಿನ ಬಗ್ಗೆ ಎರಡು ಮೂರು ವಾಕ್ಯ ಇರುತ್ತದೆ. ಎಲ್ಲಿ ವಾಸ, ಯಾರ ಜೊತೆ, ಎಂತ ಕೆಲಸ, ಸಿಗರೇಟು ಉಂಟೋ ಇಲ್ಲವೋ. ಆ ಎರಡು ಮೂರು ವಾಕ್ಯಗಳನ್ನೇ ಜೋಡಿಸಿ ಜೋಡಿಸಿ ನನ್ನ ತಲೆಯಲ್ಲಿ ಒಂದು ನಕಾಶೆ ತಯಾರಾಗಿತ್ತು. ಪೂರ್ವ ಭಾಗದವರಿಗೆ ಎರಡೆರಡು ಕೆಲಸ, ಮಕ್ಕಳಿಗೆ ದಮ್ಮು, ತರಕಾರಿ ಅಂಗಡಿಗೆ ಹೋಗಬೇಕಾದರೆ ಎರಡು ಬಸ್ಸು. ಪಶ್ಚಿಮ ಭಾಗದವರು ಹಿಮದ ಮೇಲೆ ಜಾರುವ ಆಟ ಆಡಿ ಮಂಡಿ ಮುರಿದುಕೊಂಡು ಬರುತ್ತಿದ್ದರು. ಒಬ್ಬರ ವರದಿಯಲ್ಲಿ ಅವರ ನಾಯಿಯ ಹೆಸರನ್ನೂ ಡಾಕ್ಟರು ಹೇಳಿದ್ದರು. ನಾನು ಅದರ ಸ್ಪೆಲ್ಲಿಂಗ್ ಸರಿ ಉಂಟಾ ಎಂದು ಎರಡು ಸಲ ನೋಡಿದ್ದೆ.

ಇನ್ನೊಂದು ವಿಷಯ ಕಿವಿಗೆ ಬೀಳಲು ನನಗೆ ವರ್ಷಗಳೇ ಹಿಡಿದವು. ವರದಿ ಶುರುವಾಗುವುದೇ ವಯಸ್ಸು ಮತ್ತು ಬಣ್ಣದಿಂದ. "ಅರುವತ್ತೊಂದು ವರ್ಷದ ಆಫ್ರಿಕನ್ ಅಮೆರಿಕನ್ ಮಹಿಳೆ." ಬಿಳಿಯರಾದರೆ ಎಷ್ಟೋ ಸಲ ಬರೀ "ಅರುವತ್ತೊಂದು ವರ್ಷದ ಮಹಿಳೆ". ಬಣ್ಣ ಹೇಳದೆ ಬಿಟ್ಟರೆ ಬಿಳಿ ಎಂದು ನಾವೇ ತಿಳಿದುಕೊಳ್ಳಬೇಕು. ಮತ್ತೆ 'ಪ್ಲೆಸೆಂಟ್' ಎಂಬ ಒಂದು ಪದ. ಒಳ್ಳೆಯ ಸ್ವಭಾವದ, ಹಸನ್ಮುಖಿ ಎಂಬ ಅರ್ಥದಲ್ಲಿ ಡಾಕ್ಟರರು ರೋಗಿಗಳಿಗೆ ಹಚ್ಚುವ ಪದ. ಅದು ಕೆಲವರಿಗೆ ಸಿಗುತ್ತಿತ್ತು, ಕೆಲವರಿಗೆ ಇಲ್ಲ. ಕೆಲವರು ನೋವು ಇದೆ ಎಂದು 'ಹೇಳುತ್ತಾರೆ'. ಇನ್ನು ಕೆಲವರು ನೋವು ಇದೆ ಎಂದು 'ಸಾಧಿಸುತ್ತಾರೆ'. ಯಾರು ಹೇಳುತ್ತಾರೆ, ಯಾರು ಸಾಧಿಸುತ್ತಾರೆ ಎಂದು ಮುಂದಿನ ವಾಕ್ಯ ಕೇಳುವ ಮೊದಲೇ ನನಗೂ ನಸೀಮಾಳಿಗೂ ತಿಳಿದುಹೋಗುತ್ತಿತ್ತು. ನಾವು ಅದನ್ನು ದೊಡ್ಡ ಶೋಧ ಎಂಬಂತೆ ಮಾತಾಡಿಕೊಳ್ಳುತ್ತಿದ್ದೆವು. ಅಮೆರಿಕದವರು ಎಂತ ಜನ ಮಾರಾಯ್ತಿ, ಇಷ್ಟೆಲ್ಲ ಇದ್ದೂ ಹೀಗೆ ಮಾಡ್ತಾರಲ್ಲ ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳುವಾಗ ನನಗೆ ಒಂಥರಾ ಸುಖವಾಗುತ್ತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು.

ನಮ್ಮ ಪಾಲಿಗೆ ಹೆಚ್ಚಾಗಿ ಬರುತ್ತಿದ್ದ ಒಬ್ಬ ಡಾಕ್ಟರರ ದನಿ ಮಾತ್ರ ಅಮೆರಿಕದ್ದಲ್ಲ. ನಮ್ಮ ಕಡೆಯದ್ದು. ಎಷ್ಟು ನಾಲಗೆ ತಿರುಗಿಸಿದರೂ ಆಕಳಿಕೆ ಬಂದಾಗ ಸಿಕ್ಕಿಬೀಳುತ್ತಿದ್ದರು. ಆಕಳಿಸಿ, ಮೆಲ್ಲಗೆ "ಅಯ್ಯೋ" ಎನ್ನುತ್ತಿದ್ದರು. ನಾವು ಅವರನ್ನು 'ಅಯ್ಯೋ ಡಾಕ್ಟ್ರು' ಎಂದೇ ಕರೆಯುತ್ತಿದ್ದೆವು. ಹೆಸರು ಅರ್ಧ ಇಂಗ್ಲಿಷ್ ಮಾಡಿಕೊಂಡಿದ್ದರಿಂದ ಊರು ಗೊತ್ತಾಗುತ್ತಿರಲಿಲ್ಲ.

"ಉಡುಪಿ ಸೈಡಿನವರಾ ಅಂತ," ನಾನು ಹೇಳಿದೆ ಒಂದು ದಿನ. "ಎಂತ ಜನ ಇರಬಹುದು?"

"ನಿನಗೆ ಅಷ್ಟು ದೂರ ಇರುವವರದ್ದೂ ಜಾತಿ ಬೇಕಾ?" ಎಂದು ನಸೀಮಾ ನಕ್ಕಳು.

"ಸುಮ್ನೆ ಕೇಳಿದ್ದು."

"ಎಲ್ಲರೂ ಸುಮ್ನೆಯೇ ಕೇಳುದು ಮಾರಾಯ್ತಿ."

ಅವರು ಕೆಟ್ಟವರಲ್ಲ. ದಿನಕ್ಕೆ ಅಷ್ಟೊಂದು ರೋಗಿಗಳು, ಆಪಲ್ ಜಗಿಯುತ್ತಲೇ ವರದಿ ಹೇಳುತ್ತಿದ್ದರು. ನಮ್ಮವರೊಬ್ಬರು ಅಲ್ಲಿ ಬಿಳಿಯರ ಆಸ್ಪತ್ರೆಯಲ್ಲಿ ಕೂತು ಹೀಗೆ ದಬದಬ ಮಾತಾಡುತ್ತಾರಲ್ಲ ಎಂದು ನನಗೆ ಹೆಮ್ಮೆ. ಅವರ ಕಡತ ಬಂದರೆ ನಾನೇ ತೆಗೆದುಕೊಳ್ಳುತ್ತಿದ್ದೆ. ಅಲ್ಲಿ ಹೋಗಿ, ಅಲ್ಲಿನವರಂತೆ ಆಗಿ, ಅಲ್ಲಿನವರು ಯಾರಿಗೆ ಪ್ಲೆಸೆಂಟ್ ಎನ್ನುತ್ತಾರೋ ಅವರಿಗೇ ಪ್ಲೆಸೆಂಟ್ ಎನ್ನುವುದನ್ನೂ ಕಲಿತಿದ್ದರು. ಅದನ್ನು ಕಲಿಯದೆ ಅಲ್ಲಿ ನಿಲ್ಲಲು ಆಗುತ್ತದೋ ಇಲ್ಲವೋ, ನನಗೆ ತಿಳಿಯದು.

ಬಸ್ಸಕ್ಕ ನಮಗೆ ಸಿಕ್ಕಿದ್ದು ಜೂನಿನಲ್ಲಿ, ಅಯ್ಯೋ ಡಾಕ್ಟ್ರ ಕಡತದಲ್ಲಿ. ಅರುವತ್ತೊಂದು ವರ್ಷ, ಆಫ್ರಿಕನ್ ಅಮೆರಿಕನ್, ಪೂರ್ವ ಭಾಗ. ಸಿಟಿ ಬಸ್ಸಿನ ಡ್ರೈವರ್. ಮಗಳ ಇಬ್ಬರು ಮಕ್ಕಳನ್ನು ಸಾಕುತ್ತಾಳೆ, ಭಾನುವಾರ ಇಗರ್ಜಿಯಲ್ಲಿ ಹಾಡುತ್ತಾಳೆ, ಸಿಗರೇಟು ಇಲ್ಲ. ರೋಗಿಗಳ ಹೆಸರನ್ನು ಬಾಯಲ್ಲಿ ಆಡಬಾರದೆಂದು ನಮಗೆ ಕಟ್ಟುನಿಟ್ಟು. ಅದಕ್ಕೆ ನಸೀಮಾ ಬಸ್ಸಕ್ಕ ಎಂದು ಹೆಸರಿಟ್ಟಳು. ಹೆಂಗಸು ಬಸ್ಸು ಓಡಿಸುವುದನ್ನು ನಾವಿಬ್ಬರೂ ಅಲ್ಲಿಯವರೆಗೆ ಕಣ್ಣಾರೆ ಕಂಡಿರಲಿಲ್ಲ. ನಮ್ಮ ಸಿಟಿ ಬಸ್ಸುಗಳು ಸ್ಟೇಟ್‌ಬ್ಯಾಂಕಿನ ತಿರುವಿನಲ್ಲಿ ಒಂದನ್ನೊಂದು ಹಿಂದೆ ಹಾಕಿ ಬಾಗಿಲಲ್ಲಿ ಜನರನ್ನು ನೇತಾಡಿಸಿಕೊಂಡು ಬರುವಾಗೆಲ್ಲ, "ಬಸ್ಸಕ್ಕನಿಗೆ ಕೊಡಬೇಕು ಸ್ಟೇರಿಂಗ್," ಎಂದು ನಸೀಮಾ ಹೇಳುತ್ತಿದ್ದಳು. ದಿನ ಹೋದಂತೆ ಅವಳು ನಮ್ಮ ನೆರೆಮನೆಯವಳೇ ಆಗಿಬಿಟ್ಟಳು.

ಮೊದಲ ವರದಿಯಲ್ಲಿ ಭುಜದ ನೋವು. ಎರಡನೆಯದ್ದು ಒಂದೇ ಸಾಲು: ರೋಗಿ ಬರಲಿಲ್ಲ, ಹೇಳಿದ್ದನ್ನು ಪಾಲಿಸುವವಳಲ್ಲ. ಮೂರನೆಯದ್ದರಲ್ಲಿ ಗೊತ್ತಾಯಿತು, ಶನಿವಾರ ಆಸ್ಪತ್ರೆಯ ಕಡೆ ಹೋಗುವ ಬಸ್ಸನ್ನು ಆ ಊರಿನವರು ನಿಲ್ಲಿಸಿದ್ದರು. ದಿನವಿಡೀ ಊರಿಗೆಲ್ಲ ಬಸ್ಸು ಓಡಿಸುವವಳಿಗೆ ತಾನು ಹೋಗಬೇಕಾದಲ್ಲಿಗೆ ಬಸ್ಸಿಲ್ಲ. ಅದು ಬಂದದ್ದು ವರದಿಯ ಕೊನೆಯಲ್ಲಿ, ಡಾಕ್ಟರರು ಉಸಿರು ಬಿಡುವ ಮಧ್ಯೆ. 'ಪಾಲಿಸುವವಳಲ್ಲ' ಎಂಬುದು ಮಾತ್ರ ಮೊದಲ ಸಾಲಿನಲ್ಲಿ ಹಾಗೆಯೇ ಉಳಿಯಿತು. ಒಮ್ಮೆ ಕಡತದಲ್ಲಿ ಕೂತ ಪದ ಮುಂದಿನ ಎಲ್ಲ ಕಡತಗಳಲ್ಲೂ ಬಂದು ಕೂರುತ್ತದೆ.

ಜುಲೈ ನಡುವಿನಲ್ಲಿ ಆಟಿ ತಿಂಗಳು ಶುರುವಾಯಿತು. ಎಡೆಬಿಡದ ಮಳೆ. ಕದ್ರಿಯ ಏರಿನಲ್ಲಿ ಕೆಂಪು ನೀರು ಮೆಟ್ಟಿಲಿನ ಹಾಗೆ ಇಳಿಯುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಬಸ್ಸಕ್ಕನ ನಾಲ್ಕನೇ ಕಡತ ಬಂತು. ಎಡಗಾಲಿನ ಮೀನಖಂಡ ಊದಿದೆ, ನೋವು. ಕೂತು ಮಾಡುವ ಕೆಲಸ, ಮೈತೂಕ ಜಾಸ್ತಿ, ಕಾಲು ಎತ್ತಿಟ್ಟು ಮಲಗಲು ಹೇಳಿದೆ ಎಂದು ಡಾಕ್ಟರರು ಹೇಳುತ್ತಿದ್ದರು. ಕೋಣೆಯಲ್ಲೇ ನಿಂತು ಫೋನಿಗೆ ಹೇಳುತ್ತಿದ್ದರೆಂದು ಕಾಣುತ್ತದೆ. ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. ದಪ್ಪ ದನಿ, ಅವಸರವಿಲ್ಲ.

"ಡಾಕ್ಟರ್, ನನ್ನ ತಂಗಿಗೂ ಹೀಗೇ ಒಂದೇ ಕಾಲು ಊದಿತ್ತು. ಹತ್ತು ದಿನದಲ್ಲಿ ಹೋದಳು. ಅದನ್ನೂ ಬರೆಯಿರಿ."

"ಆಯ್ತು, ಆಯ್ತು," ಎಂದು ಡಾಕ್ಟರರು ಹೇಳಿ, ಫೋನಿಗೆ ಮುಂದುವರಿಸಿದರು. ಮನೆಯವರ ಕಾಯಿಲೆಗಳಲ್ಲಿ ಗಮನಿಸಬೇಕಾದದ್ದು ಏನೂ ಇಲ್ಲ.

ನಾನು ಎಡದ ಪಟ್ಟಿ ಒತ್ತಿ ಹಿಂದಕ್ಕೆ ಹೋದೆ. ಒಂದೂವರೆ ತಿಂಗಳಿಂದ ಬಲ್ಲವಳ ದನಿಯನ್ನು ಆವತ್ತು ಮೊದಲ ಸಲ ಕೇಳಿದೆ. ಇನ್ನೊಮ್ಮೆ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಪರದೆ ನೋಡಿದರೆ ಸಾಫ್ಟ್‌ವೇರ್ ಅವಳ ಮಾತನ್ನೂ ಬರೆದಿಟ್ಟಿತ್ತು. ಅದಕ್ಕೆ ಡಾಕ್ಟರು ಯಾರು, ರೋಗಿ ಯಾರು, ಬಿಳಿ ಯಾರು, ಕಪ್ಪು ಯಾರು ಎಂದು ಗೊತ್ತಿಲ್ಲ. ಕೇಳಿದ್ದನ್ನು ಬರೆದಿತ್ತು. ಮೂರೂ ಮಾತು, ಒಂದು ತಪ್ಪಿಲ್ಲದೆ.

ನಮ್ಮ ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ವರದಿ ಹೇಳುತ್ತಿರುವವರ ದನಿ ಮಾತ್ರ ಬರೆಯಬೇಕು, ಹಿನ್ನೆಲೆಯ ದನಿಗಳನ್ನು ಅಳಿಸಬೇಕು. ಸಂಶಯ ಬಂದರೆ ಕಡತಕ್ಕೆ ಫ್ಲ್ಯಾಗ್ ಹಾಕಬಹುದು. ಅಂದರೆ ಇಲ್ಲಿ ಏನೋ ತಾಳೆಯಾಗುವುದಿಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಎಂದು ಡಾಕ್ಟರರಿಗೆ ಒಂದು ಟಿಪ್ಪಣಿ. ಅದಕ್ಕೆ ಎರಡು ನಿಮಿಷ ಸಾಕು.

ನಾನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದೆ. "ನಸೀಮಾ, ಬಸ್ಸಕ್ಕನ ದನಿ ಉಂಟು ಇದರಲ್ಲಿ. ಹಿಂದಿನಿಂದ ತಂಗಿಯದ್ದು ಎಂತದೋ ಹೇಳ್ತಾಳೆ. ಡಾಕ್ಟ್ರು ತಗೊಳ್ಳಲಿಲ್ಲ."

ಅವಳು ತನ್ನ ಪರದೆಯಿಂದ ಕಣ್ಣು ತೆಗೆಯದೆ, "ಫ್ಲ್ಯಾಗ್ ಹಾಕು," ಎಂದಳು. "ಎಂತಕ್ಕೆ ಆಲೋಚನೆ ಮಾಡ್ತಿ?"

ಆಲೋಚನೆ ಮಾಡಿದೆ. ಫ್ಲ್ಯಾಗ್ ಹಾಕಿದರೆ ಅಯ್ಯೋ ಡಾಕ್ಟ್ರ ಹೆಸರಿನಲ್ಲಿ ಒಂದು ತಪ್ಪು ಬಿದ್ದ ಹಾಗೆ. ಅವರ ಹೆಸರಲ್ಲಿ ಆ ತಿಂಗಳು ಆಗಲೇ ಕೆಲವು ಬಿದ್ದಿದ್ದವು. ಇನ್ನೂ ಬಿದ್ದರೆ ಆಸ್ಪತ್ರೆಯವರು ಅವರ ಕಡತಗಳನ್ನೇ ನಮ್ಮಿಂದ ತೆಗೆದುಬಿಡುತ್ತಾರೆ, ಜೋಪಾನ ಎಂದು ವಾಲ್ಟರ್ ಸರ್ ಎಚ್ಚರಿಸಿದ್ದರು. ಖಾಲಿ ಕುರ್ಚಿಗಳು ಕಣ್ಣೆದುರು ಇದ್ದವು. ನಮ್ಮವರೊಬ್ಬರು ಅಲ್ಲಿಯವರ ಎದುರು ತಲೆ ತಗ್ಗಿಸುವುದೂ ನನಗೆ ಬೇಡವಾಗಿತ್ತು. ಇದೆಲ್ಲ ಸೇರಿ ಎಷ್ಟು ಹೊತ್ತು ಹಿಡಿಯಿತೋ, ಬಹಳ ಇಲ್ಲ. ಆ ಮೂರು ಮಾತನ್ನು ಕರ್ಸರಿನಿಂದ ಎಳೆದು ನೀಲಿ ಮಾಡಿ, ಅಳಿಸಿದೆ. ಕಡತ ಕಳಿಸಿದೆ.

"ಹಾಕಿದ್ಯಾ?" ಎಂದು ಟೀ ಕುಡಿಯುವಾಗ ನಸೀಮಾ ಕೇಳಿದಳು.

"ಹಾಕಿದೆ," ಎಂದೆ.

ಅದೇ ವಾರದ ಇನ್ನೊಂದು ಸುಳ್ಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಕದ್ರಿಯಲ್ಲಿ ವಾರಿಜಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗಿನ ಒಂದು ಭಾಗ ಖಾಲಿಯಾಗಿ, ಗೇಟಿಗೆ ಬಾಡಿಗೆಗಿದೆ ಎಂಬ ಬೋರ್ಡು ಬಿದ್ದಿತ್ತು. ನಸೀಮಾಳ ಗಂಡ ಗಲ್ಫ್ ಬಿಟ್ಟು ಬರುವವನಿದ್ದ. ಇಬ್ಬರೇ ಇರಲು ಆಫೀಸಿನ ಹತ್ತಿರ ಒಂದು ಮನೆ ಬೇಕಿತ್ತು. ನಾನೇ ಉತ್ಸಾಹದಿಂದ, "ನಮ್ಮ ಕೆಳಗೆಯೇ ಬಾ," ಎಂದಿದ್ದೆ. ವಾರಿಜಕ್ಕ ಒಳ್ಳೆಯವರು. ಆಟಿಯಲ್ಲಿ ಕೆಸುವಿನ ಎಲೆಯ ಪತ್ರೊಡೆ ಮಾಡಿದರೆ ಮೊದಲ ತಟ್ಟೆ ನನಗೇ. ಅವರಿಗೆ ನನ್ನ ಆಫೀಸಿನ ಗೆಳತಿ ಎಂದೆ.

"ಓ, ಒಳ್ಳೆದಾಯ್ತು. ಎಂತ ಜನ?" ಎಂದು ಕೇಳಿದರು.

ನಾನು ಹೆಸರು ಹೇಳಿದೆ. ಅವರು ಪತ್ರೊಡೆಯ ಪಾತ್ರೆಯ ಮುಚ್ಚಳ ತೆಗೆದು, ಆವಿ ಹೋಗಲು ಬಿಟ್ಟರು. "ನನಗೆ ಎಂತ ಇಲ್ಲ ಹರಿಣಾಕ್ಷಿ. ಮತ್ತೆ ಆಚೀಚೆಯವರು ಮಾತಾಡ್ತಾರೆ. ನಿನಗೆ ಗೊತ್ತುಂಟಲ್ಲ." ನನಗೆ ಗೊತ್ತಿತ್ತು. ಹಾಗಾದರೆ ನಾನೂ ಇರುವುದಿಲ್ಲ ಎಂದು ಹೇಳುವಷ್ಟು ಧೈರ್ಯ ಇರಲಿಲ್ಲ. ತಟ್ಟೆ ತೆಗೆದುಕೊಂಡು ಮೇಲೆ ಹೋಗಿ ತಿಂದೆ.

ಮರುದಿನ ನಸೀಮಾಳಿಗೆ, "ಆಟಿಯಲ್ಲಿ ಯಾರೂ ಮನೆ ಬದಲಿಸುದಿಲ್ಲ ಅಲ್ವಾ. ಆಟಿ ಕಳೆದ ಕೂಡ್ಲೆ ಅವರ ತಮ್ಮನ ಮಗ ಬರ್ತಾನಂತೆ," ಎಂದೆ. ನಮ್ಮ ತುಳುವರ ಮನೆಗಳಲ್ಲಿ ಆಟಿಯಲ್ಲಿ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲವೆಂದು ಅವಳಿಗೂ ಗೊತ್ತು. ಹಾಗಾಗಿ ಅದು ಒಳ್ಳೆಯ ಸುಳ್ಳು.

"ಪರವಾಗಿಲ್ಲ ಮಾರಾಯ್ತಿ," ಎಂದಳು. ಡಬ್ಬಿ ತೆರೆದು, ಅವಳ ಉಮ್ಮ ಮಾಡಿದ ಪತ್ತಿರಿಯಲ್ಲಿ ಎರಡನ್ನು ಎಂದಿನಂತೆ ನನ್ನ ಕಡೆ ಸರಿಸಿದಳು. ತೆಳ್ಳಗಿನ ಅಕ್ಕಿರೊಟ್ಟಿ, ನನಗೆ ಬಹಳ ಇಷ್ಟ. ಆವತ್ತೂ ತಿಂದೆ.

ಆಗಸ್ಟಿನ ಮೊದಲ ವಾರ ಬಸ್ಸಕ್ಕ ತುರ್ತು ವಿಭಾಗಕ್ಕೆ ಬಂದಳು. ಉಸಿರು ಹಿಡಿಯುತ್ತದೆ ಎಂದು 'ಸಾಧಿಸುತ್ತಾಳೆ'. ಗಾಬರಿಯ ಸ್ವಭಾವ, ಮನೆಯಲ್ಲಿ ಜವಾಬ್ದಾರಿ ಜಾಸ್ತಿ, ವಿಶ್ರಾಂತಿ ಹೇಳಿ ಕಳಿಸಿದೆ. ಬೇರೆ ಡಾಕ್ಟರು, ಬಿಳಿಯವರೇ ಇರಬೇಕು, ನಿದ್ದೆಗೆಟ್ಟ ದನಿ. ಹಳೆಯ ಕಡತ ನೋಡಿದ್ದೇನೆ, ಮನೆಯವರ ಕಾಯಿಲೆಗಳಲ್ಲಿ ಗಮನಿಸಬೇಕಾದದ್ದು ಏನೂ ಇಲ್ಲ ಎಂದರು. ಅವರು ನೋಡಿದ್ದು ನಾನು ಕಳಿಸಿದ ಕಡತವನ್ನು. ಈಗಲಾದರೂ ಫ್ಲ್ಯಾಗ್ ಹಾಕಬಹುದಿತ್ತು. ಆದರೆ ಆಗ ಜುಲೈಯಲ್ಲಿ ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಇನ್ನೂ ಹತ್ತು ಹಲವು ಡಾಕ್ಟರರು ನೋಡುತ್ತಾರೆ, ಅಷ್ಟು ದೊಡ್ಡ ಆಸ್ಪತ್ರೆ, ನಾನು ಕದ್ರಿಯಲ್ಲಿ ಕೂತು ಯಾರಿಗೆ ಬುದ್ಧಿ ಹೇಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಕಡತವನ್ನೂ ಕಳಿಸಿದೆ.

ಆಟಿ ಕಳೆದು ಸೋಣ ತಿಂಗಳು ಬಂತು. ಒಂದು ಸೋಮವಾರ ಅಯ್ಯೋ ಡಾಕ್ಟ್ರ ಕಡತ ತೆರೆದರೆ ಮೇಲ್ಗಡೆ 'ಮರಣ ಸಾರಾಂಶ' ಎಂದಿತ್ತು. ಅರುವತ್ತೊಂದು ವರ್ಷದ ಆಫ್ರಿಕನ್ ಅಮೆರಿಕನ್ ಮಹಿಳೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಾವು. ಬಸ್ಸಿನ ಡ್ರೈವರ್ ಸೀಟಿನಲ್ಲೇ ಕುಸಿದಿದ್ದಳು. ಕುಸಿಯುವ ಮೊದಲು ಬಸ್ಸನ್ನು ಬದಿಗೆ ತಂದು ನಿಲ್ಲಿಸಿದ್ದಳು, ಪ್ರಯಾಣಿಕರಿಗೆ ಯಾರಿಗೂ ಏನೂ ಆಗಿರಲಿಲ್ಲ. ಆ ದಿನ ಡಾಕ್ಟರರು ಆಪಲ್ ತಿನ್ನುತ್ತಿರಲಿಲ್ಲ. ನಿಧಾನವಾಗಿ ಹೇಳುತ್ತಿದ್ದರು. ಇದೇ ಕಾಯಿಲೆಯಲ್ಲಿ ಅವಳ ತಂಗಿಯೂ ತೀರಿಕೊಂಡಿದ್ದಳೆಂದು ಮಗಳು ತಿಳಿಸಿದ್ದಾಳೆ, ಎಂದರು. ಆಮೇಲೆ, ಪ್ಲೆಸೆಂಟ್ ಮಹಿಳೆ, ಎಂದರು. ಅವಳಿಗೆ ಆ ಪದ ಸಿಕ್ಕಿದ್ದು ಅದೇ ಮೊದಲು.

ಸಾಫ್ಟ್‌ವೇರ್ ಎಲ್ಲವನ್ನೂ ಸರಿಯಾಗಿ ಬರೆದಿತ್ತು. ತಿದ್ದಲು ಏನೂ ಇರಲಿಲ್ಲ.

ನಾನು ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ನಸೀಮಾ ಹಿಂದೆಯೇ ಬಂದಳು. ಏನಾಯಿತೆಂದು ಹೇಳಿದಾಗ ಅವಳೂ ಪಕ್ಕದಲ್ಲಿ ಕೂತಳು. "ನಾವು ಬರೆದೆವಲ್ಲ. ಅವರು ಓದ್ಲಿಲ್ಲ. ನಾವು ಎಂತ ಮಾಡುದು?" ಎಂದು ನನ್ನ ಬೆನ್ನು ಸವರಿದಳು. ಅಳುತ್ತಾ ನಾನು ಆ ಸಮಾಧಾನವನ್ನು ಪೂರ್ತಿಯಾಗಿ ತೆಗೆದುಕೊಂಡೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ನಾಚಿಕೆಗೇಡಿನ ಕೆಲಸ ಯಾವುದು ಎಂದರೆ ಅಳಿಸಿದ್ದಲ್ಲ, ಆ ಕೈಯನ್ನು ಬೆನ್ನ ಮೇಲೆ ಇರಗೊಟ್ಟದ್ದು.

ಆ ವರ್ಷದ ಕೊನೆಗೆ ಆಫೀಸು ಮುಚ್ಚಿತು. ತಿದ್ದಲೂ ಜನ ಬೇಡವಾಯಿತಂತೆ. ನಾನು ಬೈಕಂಪಾಡಿಗೆ ಬಂದೆ, ನಸೀಮಾ ಫಳ್ನೀರಿನ ಮನೆಯಲ್ಲೇ ಬುರ್ಖಾ ಹೊಲಿಸಿ ಮಾರುವ ವ್ಯಾಪಾರ ಶುರು ಮಾಡಿದಳು. ಮೊದಲು ವಾರಕ್ಕೊಂದು ಫೋನ್ ಇತ್ತು. ಆಮೇಲೆ ಹಬ್ಬಕ್ಕೆ ಮಾತ್ರ.

ಪೆಡಲ್ ಸಿಕ್ಕಿದ ಮರುದಿನ ಭಾನುವಾರ. ಅದನ್ನು ಚೀಲದಲ್ಲಿ ಹಾಕಿಕೊಂಡು ಫಳ್ನೀರಿಗೆ ಹೋದೆ. ಆಸ್ಪತ್ರೆಗಳ ಎದುರಿನ ರಸ್ತೆಯಲ್ಲಿ ಕೊಡೆ ಹಿಡಿದ ಜನ, ಕೈಯಲ್ಲಿ ಎಕ್ಸ್‌ರೇ ಕವರು. ಪ್ರತಿಯೊಬ್ಬರ ಕವರಿನೊಳಗೂ ಯಾರೋ ಬರೆದ ಎರಡು ಮೂರು ವಾಕ್ಯ ಇರುತ್ತದಲ್ಲ ಎನಿಸಿತು. ನಸೀಮಾಳ ಫ್ಲ್ಯಾಟು ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದವಳು ನನ್ನನ್ನು ನೋಡಿ, "ಅಬ್ಬಾ, ದಾರಿ ತಪ್ಪಿತಾ ನಿನಗೆ?" ಎಂದಳು. ಒಳಗೆ ಕತ್ತರಿಸಿದ ಕಪ್ಪು ಬಟ್ಟೆಗಳು, ಎರಡು ಹೊಲಿಗೆ ಮೆಷಿನ್. ಪೆಡಲನ್ನು ಮೇಜಿನ ಮೇಲಿಟ್ಟಾಗ ಅವಳು ನಗಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದಳು.

"ನಾನು ಫ್ಲ್ಯಾಗ್ ಹಾಕಿರಲಿಲ್ಲ," ಎಂದೆ. "ಬಸ್ಸಕ್ಕನದ್ದು. ಅಳಿಸಿದೆ. ನಿನ್ನತ್ರ ಸುಳ್ಳು ಹೇಳಿದೆ."

ಅವಳು ಬಟ್ಟೆಯೊಂದನ್ನು ಮಡಚಿ ಬದಿಗಿಟ್ಟಳು. "ಗೊತ್ತುಂಟು."

"ಹೇಗೆ?"

"ಶುಕ್ರವಾರ ಫ್ಲ್ಯಾಗಿನ ಪಟ್ಟಿ ಎಲ್ಲರಿಗೂ ಬರ್ತಿತ್ತಲ್ಲ. ಅದರಲ್ಲಿ ಇರ್ಲಿಲ್ಲ. ಅಷ್ಟರಲ್ಲಿ ಕಡತಕ್ಕೆ ಬೀಗ ಬಿದ್ದಿತ್ತು, ನಾನೇ ಹಾಕುವ ಅಂದ್ರೂ ಆಗ್ತಿರ್ಲಿಲ್ಲ."

"ಮತ್ತೆ ನಾವು ಬರೆದೆವಲ್ಲ ಅಂತ ಯಾಕೆ ಹೇಳಿದ್ದು?"

"ನೀನು ಅಳ್ತಾ ಇದ್ದಿ. ಎಂತ ಹೇಳ್ಬೇಕಿತ್ತು?" ಮಡಚಿದ್ದರ ಮೇಲೆ ಇನ್ನೊಂದನ್ನು ಇಟ್ಟು, "ವಾರಿಜಕ್ಕನ ಮನೆಯದ್ದೂ ಗೊತ್ತುಂಟು. ಬೋರ್ಡು ದಸರದವರೆಗೆ ಗೇಟಿನಲ್ಲೇ ಇತ್ತು. ನಾನು ದಿನಾ ಅದೇ ದಾರಿಯಲ್ಲಿ ಹೋಗುದು," ಎಂದಳು. ದನಿ ಏರಿರಲಿಲ್ಲ. "ಮನೆ ಕೊಡ್ಲಿಲ್ಲ ಅಂತ ಬೇಜಾರಿಲ್ಲ, ಅದು ನಮಗೆ ಅಭ್ಯಾಸ ಉಂಟು. ನೀನು ಬಂದು ಸರಿಯಾಗಿ ಹೇಳಿದ್ರೆ ಸಾಕಿತ್ತು. ಅದು ನನಗೆ ಬೇಜಾರಾಗಿದೆ. ಇಲ್ಲ ಅಂತ ಹೇಳುದಿಲ್ಲ."

ಕ್ಷಮಿಸು ಎಂದು ಕೇಳಬೇಕೆಂದುಕೊಂಡು ಹೋಗಿದ್ದೆ. ಬಾಯಿಗೆ ಬರಲಿಲ್ಲ. ಹೊರಗೆ ಮಳೆ ಕಿಟಕಿಯ ಗಾಜಿಗೆ ಹೊಡೆಯುತ್ತಿತ್ತು. ಒಳಗಿನಿಂದ ಅವಳ ಉಮ್ಮ ಯಾರು ಬಂದದ್ದೆಂದು ಕೇಳಿದರು, ಹರಿಣಾಕ್ಷಿ ಎಂದು ಅವಳು ಹೇಳಿದಳು. ಉಮ್ಮ, ಊಟ ಮಾಡಿ ಹೋಗಲಿ ಎಂದರು.

"ಅವಳು ಸರಿಯಾಗಿ ಎಂತ ಹೇಳಿದ್ದು?" ಎಂದು ನಸೀಮಾ ಕೇಳಿದಳು. "ಆವತ್ತು ನೀನು ಪೂರ್ತಿ ಹೇಳ್ಲೇ ಇಲ್ಲ. ತಂಗಿಯದ್ದು ಎಂತದೋ ಅಂದಿ, ಅಷ್ಟೆ."

ಅವಳು ಅಳತೆ ಬರೆದುಕೊಳ್ಳುವ ಉದ್ದನೆಯ ಪುಸ್ತಕವನ್ನು ಎಳೆದುಕೊಂಡಳು. ಯಾರದೋ ಭುಜ, ಯಾರದೋ ತೋಳು, ಅದರ ಕೆಳಗೆ ಖಾಲಿ ಇತ್ತು. ಪೆನ್ನು ತೆಗೆದು, ಹಿಂದೆ ಹೆಡ್‌ಫೋನ್ ಹಾಕಿಕೊಂಡಾಗ ಕೂರುತ್ತಿದ್ದಂತೆ ತಲೆಯನ್ನು ಸ್ವಲ್ಪ ಬದಿಗೆ ವಾಲಿಸಿ ಕೂತಳು.

"ನಿಧಾನ ಹೇಳು," ಎಂದಳು.

"ಡಾಕ್ಟರ್, ನನ್ನ ತಂಗಿಗೂ ಹೀಗೇ ಒಂದೇ ಕಾಲು ಊದಿತ್ತು," ಎಂದೆ.

ಬರೆದಳು.

"ಹತ್ತು ದಿನದಲ್ಲಿ ಹೋದಳು."

ಬರೆದಳು. "ಮತ್ತೆ?"

"ಅದನ್ನೂ ಬರೆಯಿರಿ," ಎಂದೆ.

ಅದನ್ನೂ ಬರೆದಳು.